ಕರೆಂಟ್ ಬೇಡದ ಟ್ರೆಡ್‌ಮಿಲ್

2025 ಜುಲೈ 22, ಮಂಗಳವಾರ
ಚೆಟ್ಟಳ್ಳಿ, ಕೊಡಗು

ಬೆಳಗಿನ ಜಾವದಿಂದ ಕರೆಂಟಿಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಜುಲೈಯಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಇನ್ವರ್ಟರ್ ಮೇಲೆ ವೈಫೈ, ಲ್ಯಾಪ್‌ಟಾಪ್, ಒಂದು ಬಲ್ಬು ನಡೆಯುತ್ತಿವೆ. ಮೇಜಿನ ಮುಂದೆ ನಾನೂ ನಡೆಯುತ್ತಿದ್ದೇನೆ.

ನನ್ನದು ಮೋಟಾರ್ ಇಲ್ಲದ ಟ್ರೆಡ್‌ಮಿಲ್. ಎರಡು ರೋಲರ್, ನಡುವೆ ಒಂದು ಹಲಗೆ, ಅದರ ಸುತ್ತ ಬೆಲ್ಟ್, ಅಷ್ಟೇ. ಪ್ಲಗ್ಗೂ ಇಲ್ಲ, ಸ್ವಿಚ್ಚೂ ಇಲ್ಲ. ದೂರ ತೋರಿಸುವ ಪುಟ್ಟ ಮೀಟರಿಗೆ ಮಾತ್ರ ಸೆಲ್ ಬೇಕು. ಮುಂದಿನ ತುದಿ ಸ್ವಲ್ಪ ಎತ್ತರಕ್ಕಿದೆ. ಆ ಇಳಿಜಾರೇ ಇದರ ಇಂಜಿನ್. ಮುಂದೆ ಹೆಜ್ಜೆ ಇಟ್ಟು ಭಾರ ಬಿಟ್ಟರೆ ಬೆಲ್ಟ್ ಹಿಂದಕ್ಕೆ ಜಾರುತ್ತದೆ, ಇನ್ನೊಂದು ಹೆಜ್ಜೆ ಇಡಲೇಬೇಕಾಗುತ್ತದೆ.

ಇದರಲ್ಲಿ ಜೋರಾಗಿ ನಡೆಯುವುದಕ್ಕಿಂತ ನಿಧಾನ ನಡೆಯುವುದೇ ಕಷ್ಟ. ನಿಂತ ಬೆಲ್ಟನ್ನು ಹೊರಡಿಸಲು ಬಲ ಜಾಸ್ತಿ ಬೇಕು, ಒಮ್ಮೆ ಹೊರಟರೆ ಕಡಿಮೆ ಸಾಕು. ಹಾಗಾಗಿ ತೀರಾ ಮೆಲ್ಲಗೆ ಹೋದರೆ ಏರಿನಲ್ಲಿ ಜೀಪು ಜಗ್ಗಿದ ಹಾಗೆ ಹೆಜ್ಜೆ ಹೆಜ್ಜೆಗೂ ಜಗ್ಗುತ್ತದೆ. ಕೆಲಸ ಮಾಡುತ್ತಾ ನಡೆಯುವವರಿಗೆ ಬೇಕಾದದ್ದು ಆ ನಿಧಾನದ ವೇಗವೇ ಅಲ್ವಾ? ಯಂತ್ರದ ಮುಂದಿನ ಕಾಲುಗಳ ಕೆಳಗೆ ಒಂದೊಂದು ಹಲಗೆ ತುಂಡು ಇಟ್ಟು ಇಳಿಜಾರು ಹೆಚ್ಚಿಸಿದ ಮೇಲೆ ಸುಮಾರಾಗಿ ಸರಿಹೋಯಿತು. ಆದರೆ ಮೀನಖಂಡ ಮತ್ತು ತೊಡೆಯ ಹಿಂಭಾಗಕ್ಕೆ ಈಗ ಕೆಲಸ ಜಾಸ್ತಿ. ಬೆಲ್ಟನ್ನು ಹಿಂದಕ್ಕೆ ಎಳೆಯುವುದು ಅವೇ ತಾನೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಹಿಡಿಕೆ ಇರುವ ಮಾಡೆಲ್ಲಾದರೆ ಕೈ ಊರಿ ಬೆಲ್ಟ್ ತಳ್ಳಬಹುದು. ಮೇಜಿನ ಕೆಳಗೆ ಇಡುವುದಕ್ಕೆ ಹಿಡಿಕೆ ಇರುವುದಿಲ್ಲ. ಗೊತ್ತೇ ಆಗದ ಹಾಗೆ ಮೈ ಮೇಜಿಗೆ ಒರಗುತ್ತದೆ. ಹಗುರವಾದ ಮೇಜು ಮುಂದೆ ಮುಂದೆ ಹೋಗುತ್ತದೆ, ಅದರ ಹಿಂದೆ ನಾವು ಹೋಗಲಾಗುವುದಿಲ್ಲ. ನನ್ನ ಪುಣ್ಯಕ್ಕೆ ಮನೆಯಲ್ಲಿ ಚೆಕ್‌ರೋಲ್ ಮೇಜು ಇತ್ತು. ಹಿಂದೆ ತೋಟದ ರೈಟರ್ ನಿಂತುಕೊಂಡೇ ಆಳುಗಳ ಹಾಜರಿ ಬರೆಯುತ್ತಿದ್ದ ಮೇಜು. ಹಲಸಿನ ಮರದ್ದು, ಇಬ್ಬರು ಹಿಡಿದರೂ ಜಗ್ಗುವುದಿಲ್ಲ. ಯಂತ್ರದ ಮೇಲೆ ನಿಂತರೆ ಕೀಬೋರ್ಡ್ ಸರಿಯಾಗಿ ಮೊಣಕೈ ಮಟ್ಟಕ್ಕೆ ಬರುತ್ತದೆ. ಸಾಧಾರಣ ಮೇಜಾಗಿದ್ದರೆ ಅದರ ಕಾಲಿಗೆ ಕಟ್ಟೆ ಕೊಡಬೇಕಾಗುತ್ತಿತ್ತು.

"ತೋಟ ಇಟ್ಟುಕೊಂಡು ಮನೆಯೊಳಗೆ ನಡೆಯುವುದಾ?" ಎಂದು ಬೆಂಗಳೂರಿನ ಸ್ನೇಹಿತರು ನಗುತ್ತಾರೆ. ಅವರು ಬರುವುದು ಡಿಸೆಂಬರಿನಲ್ಲಿ. ಈಗ ಬಂದು ನೋಡಬೇಕು. ಗೇಟು ದಾಟುವಷ್ಟರಲ್ಲಿ ಜಿಗಣೆ ಕಾಲಿಗೆ ಹತ್ತಿರುತ್ತದೆ. ಅದಾದರೂ ಉಪ್ಪಿಗೆ ಬಗ್ಗುತ್ತದೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ತೋಟಕ್ಕೆ ಇಳಿಯುತ್ತದಲ್ಲ, ಅದಕ್ಕೆ ಏನು ಮಾಡುವುದು? ನಿನ್ನೆ ಸಂಜೆಯೂ ವಾಟ್ಸಾಪ್‌ನಲ್ಲಿ ಸಂದೇಶ ಬಂತು, ಪಕ್ಕದ ತೋಟದಲ್ಲಿ ಮರಿಯ ಜೊತೆ ಎರಡು ಇವೆ, ಕತ್ತಲಾದ ಮೇಲೆ ಹೊರಗೆ ಬರಬೇಡಿ ಅಂತ. ನನ್ನ ಲಾಗಿನ್ ಒಂಬತ್ತಕ್ಕೆ, ಬಿಡುವಾಗುವುದು ಆರೂವರೆಗೆ. ವಾಕಿಂಗ್‌ಗೆ ಉಳಿಯುವುದು ಆನೆಗೂ ಇಷ್ಟವಾದ ಆ ಎರಡೇ ಹೊತ್ತು.

ಮಾವ ಮಾತ್ರ ಇದನ್ನು ನಡಿಗೆ ಎಂದು ಒಪ್ಪುವುದಿಲ್ಲ. ಅವರು ದಿನಾ ಗಂಬೂಟು ಹಾಕಿ, ಕೊಡೆ ಹಿಡಿದು ತೋಟ ಸುತ್ತುತ್ತಾರೆ. ಈ ತಿಂಗಳು ಕಾಫಿ ಗಿಡಕ್ಕೆ ಕೊಳೆ ರೋಗ ಬಿದ್ದಿದೆಯಾ ನೋಡಬೇಕು, ಕರಿಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಲ್ಲದ ಹಾಗೆ ಚರಂಡಿ ಬಿಡಿಸಬೇಕು. ಅವರ ಪ್ರಕಾರ ನಡಿಗೆ ಅಂದರೆ ಏನಾದರೂ ಕಣ್ಣಿಗೆ ಬೀಳಬೇಕು. ಬೆಳಿಗ್ಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ಅವರದು. ಇವತ್ತು 1 ಇಂಚು 80 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು). ಬರೆದು ಮುಗಿಸಿ ನನ್ನ ಕಡೆ ತಿರುಗಿ, "ನಿನ್ನದು ಇವತ್ತು ಎಷ್ಟು ಇಂಚು?" ಎಂದರು.

ಅತ್ತೆಯದು ಬೇರೆ ತಕರಾರು. "ಇಷ್ಟು ತುಳಿಯುತ್ತೀಯಲ್ಲ, ಅದಕ್ಕೆ ಒಂದು ಕಲ್ಲು ಕಟ್ಟಿದ್ದರೆ ರೊಟ್ಟಿಗೆ ಅಕ್ಕಿಯಾದರೂ ಬೀಸಬಹುದಿತ್ತು" ಎಂದರು. ಇದು ಬರೀ ತಮಾಷೆಯಲ್ಲ. ಟ್ರೆಡ್‌ಮಿಲ್ ಹುಟ್ಟಿದ್ದೇ ಹಾಗೆ. ಕೈದಿಗಳು ಸುಮ್ನೆ ಕೂರಬಾರದು ಎಂದು 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಇಂಜಿನಿಯರ್ ಜೈಲಿಗಾಗಿ ತುಳಿಯುವ ಚಕ್ರ ಮಾಡಿದ. ಸ್ವಲ್ಪ ವರ್ಷಕ್ಕೇ ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿನಲ್ಲಿ ಅಂಥದ್ದೊಂದರಿಂದ ಧಾನ್ಯ ಬೀಸಿಸುತ್ತಿದ್ದರು. ಕೆಲವು ಜೈಲುಗಳಲ್ಲಿ ಬೀಸಲು ಏನೂ ಇಲ್ಲದಿದ್ದರೂ ಸುಮ್ನೆ ತುಳಿಸುತ್ತಿದ್ದರು. ಬ್ರಿಟನ್ನಿನಲ್ಲಿ 1898ರ ಜೈಲು ಕಾನೂನು ಬಂದ ಮೇಲೆ ಆ ಶಿಕ್ಷೆ ಮರೆಯಾಯಿತು. ಇದನ್ನು ಹೇಳಿದ್ದಕ್ಕೆ ಅತ್ತೆ, "ಅವರಿಗೆ ಹೊಡೆದು ಮಾಡಿಸಿದ್ದು, ನೀನು ದುಡ್ಡು ಕೊಟ್ಟು ತಂದಿದ್ದೀ" ಎಂದು ಒಳಗೆ ಹೋದರು.

ದುಡ್ಡು ದಂಡವಾಯಿತಾ? ನನಗೆ ಹಾಗೆ ಅನ್ನಿಸಿಲ್ಲ. ಆದರೆ ತೂಕ ಇಳಿಸಲು ಇದನ್ನು ಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಜೇಮ್ಸ್ ಲೆವಿನ್ 2007ರಲ್ಲಿ ಬೊಜ್ಜಿರುವ 15 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದ್ದರು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವಾಗ ಗಂಟೆಗೆ ಸರಾಸರಿ 72 ಕ್ಯಾಲೊರಿ ಖರ್ಚು. ಗಂಟೆಗೆ 1.1 ಮೈಲಿಯ ಆಮೆ ವೇಗದಲ್ಲಿ ನಡೆಯುತ್ತಾ ಕೆಲಸ ಮಾಡುವಾಗ 191. ಅದು ಮೋಟಾರಿನ ಯಂತ್ರ, ಆ ಅಂಕಿ ನನ್ನದಕ್ಕೆ ಹಾಗೇ ಹೊಂದಬೇಕಿಲ್ಲ. ಹೊಂದಿದರೂ ಗಂಟೆಗೆ 119ರ ವ್ಯತ್ಯಾಸ. ಬೆಳಿಗ್ಗೆ ಹತ್ತು ಗಂಟೆಗೆ ಅತ್ತೆ ತಂದಿಡುವ ಅಕ್ಕಿ ರೊಟ್ಟಿ ಮತ್ತು ಬೆಣ್ಣೆ ಆ ಲೆಕ್ಕವನ್ನು ಅಲ್ಲೇ ಮುಗಿಸುತ್ತದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆಯಲ್ಲ, ಈ ಆಮೆ ನಡಿಗೆ ಅದಕ್ಕೂ ಸಾಲದು. ಕೂತೇ ಇರುವುದು ತಪ್ಪುತ್ತದೆ, ನನಗೆ ಅಷ್ಟು ಸಾಕು. ಮಧ್ಯಾಹ್ನದ ತೂಕಡಿಕೆ ಹೋಗಿದೆ, ಸಂಜೆ ಸೊಂಟ ಹಿಡಿಯುವುದಿಲ್ಲ.

ಕೆಲಸದಲ್ಲಿ ಇದು ಯಾವುದಕ್ಕೆ ಒಗ್ಗುತ್ತದೆ ಎನ್ನುವುದೇ ನನಗೆ ಹೆಚ್ಚು ಕುತೂಹಲದ ವಿಷಯ. ನನ್ನದು ಬಿಲ್ ಪರಿಶೀಲಿಸುವ ಕೆಲಸ. ಅಂಕಿ ತುಂಬುವಾಗ ನಡೆಯಲು ಸಾಧ್ಯವೇ ಇಲ್ಲ. ಮೌಸ್ ಹಿಡಿದ ಕೈ ಹೆಜ್ಜೆಯ ಜೊತೆ ಅಲ್ಲಾಡುತ್ತದೆ, ಮೂರನೇ ಸಾಲಿನದು ನಾಲ್ಕಕ್ಕೆ ಹೋಗಿ ಕೂರುತ್ತದೆ. ಉದ್ದನೆಯ ಮೇಲ್ ಓದಲು ತೊಂದರೆಯಿಲ್ಲ. ಮೀಟಿಂಗಿನಲ್ಲಿ ಬೇರೆಯವರ ಮಾತು ಕೇಳುವಾಗಲಂತೂ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕುರ್ಚಿಯಲ್ಲಿದ್ದರೆ ಮೆಲ್ಲಗೆ ಫೋನ್ ಕೈಗೆ ಬರುತ್ತಿತ್ತು. ಈಗ ಕಾಲಿಗೆ ಕೆಲಸವಿದೆ, ಕಿವಿ ಬಿಡುವಾಗಿದೆ. ಮೈಕ್ ಆನ್ ಇದ್ದರೆ ಮಾತ್ರ ದಡ್ ದಡ್ ಸದ್ದು ಆಚೆಗೂ ಕೇಳುತ್ತದೆ. "ನಿಮ್ಮಲ್ಲಿ ಮಳೆ ಜೋರಾ ಮೇಡಂ?" ಎಂದು ಬೆಂಗಳೂರಿನ ಹುಡುಗ ಕೇಳಿದ. ಜೋರು ಎಂದೆ. ಅದೂ ನಿಜವೇ.

ಮೋಟಾರ್ ಇಲ್ಲದಿರುವುದರ ನಿಜವಾದ ಲಾಭ ನನಗೆ ಕಂಡದ್ದು ಇಲ್ಲಿ. ಮೋಟಾರಿನದು ನಮ್ಮನ್ನು ನಡೆಸುತ್ತದೆ, ನಾವು ಮೈಮರೆತು ನಿಂತರೆ ಹಿಂದಕ್ಕೆ ಒಯ್ಯುತ್ತದೆ. ಇದು ನಾನು ನಿಂತರೆ ನಿಲ್ಲುತ್ತದೆ. ಬಿಲ್ಲಿನಲ್ಲಿ ಏನೋ ತಾಳೆಯಾಗುತ್ತಿಲ್ಲ ಅನ್ನಿಸಿದ ತಕ್ಷಣ ಕಾಲು ತಾನೇ ನಿಂತಿರುತ್ತದೆ. ಎಲ್ಲಿ ತಪ್ಪಿದೆ ಎಂದು ತಲೆಗೆ ಹೊಳೆಯುವ ಮುಂಚೆಯೇ ಕಾಲಿಗೆ ಗೊತ್ತಾಗಿರುತ್ತದೆ. ಇವತ್ತು ಒಂದೇ ಸಾಗಣೆಗೆ ಎರಡು ಬಿಲ್ ಬಂದಿದ್ದದ್ದು ಹೀಗೇ ಸಿಕ್ಕಿತು. ಓದುತ್ತಾ ಹೋಗುತ್ತಿದ್ದವಳು ಗಕ್ಕನೆ ನಿಂತೆ. ಲಾರಿ ನಂಬರ್ ಒಂದೇ, ತಾರೀಖು ಮಾತ್ರ ಬೇರೆ.

ನಮ್ಮ ಹವೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚಪ್ಪಲಿಯ ಚರ್ಮಕ್ಕೇ ಬೂಷ್ಟು ಹಿಡಿಯುವ ತಿಂಗಳಿದು, ಕಬ್ಬಿಣವನ್ನು ಬಿಟ್ಟೀತೇ? ರೋಲರಿನ ತುದಿಯ ಬೋಲ್ಟುಗಳಲ್ಲಿ ಆಗಲೇ ತುಕ್ಕು ಕಾಣುತ್ತಿದೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಒದ್ದೆ ಗೋಡೆಯಿಂದ ದೂರ ಇಡುತ್ತೇನೆ. ಬೆಲ್ಟಿನ ಅಡಿಗೆ ಸಿಲಿಕೋನ್ ಎಣ್ಣೆಯನ್ನೇ ಹಾಕಬೇಕು. ಹೊಲಿಗೆ ಮೆಷಿನ್ ಎಣ್ಣೆ ಬೆಲ್ಟನ್ನು ಹಾಳು ಮಾಡುತ್ತದೆ. ಅತ್ತೆ ಹೇಳಿದ ಕೊಬ್ಬರಿ ಎಣ್ಣೆಯೂ ಬೇಡ, ಈ ಚಳಿಗೆ ಅದು ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿದೆ.

ನಾಳೆ ಹನ್ನೊಂದಕ್ಕೆ ತಿಂಗಳ ರಿವ್ಯೂ. ನಮ್ಮ ದೊಡ್ಡ ಸಾಹೇಬರು ಮಾತಾಡುವ ದಿನ, ಒಂದೂವರೆ ಗಂಟೆಗೆ ಕಡಿಮೆ ಮುಗಿಯುವುದಿಲ್ಲ. ಬೆಲ್ಟಿಗೆ ಈಗಲೇ ಎಣ್ಣೆ ಹಾಕಿದ್ದೇನೆ.