ಕಂಚಿಯ ಕಂಬದ ಮೇಲೆ ಕನ್ನಡ

ಬೆಂಗಳೂರಿಂದ ಕಂಚಿಗೆ ಹೋದವರು ಕಾಮಾಕ್ಷಿ ದರ್ಶನ ಮಾಡಿ, ವರದರಾಜಸ್ವಾಮಿ ಗುಡಿಯಲ್ಲಿ ಚಿನ್ನದ ಹಲ್ಲಿ ಮುಟ್ಟಿ, ಸೀರೆ ತಗೊಂಡು ವಾಪಸ್ ಬರುತ್ತಾರೆ. ನಾನೂ ಅಕ್ಕನೂ ಅದನ್ನೆಲ್ಲ ಮಾಡಿದೆವು. ಮೆಣಸು, ಜೀರಿಗೆ, ಒಣ ಶುಂಠಿ ಹಾಕಿದ ಕಂಚಿ ಇಡ್ಲಿ ನನಗೆ ಬಹಳ ಹಿಡಿಸಿತು. ಆದರೆ ನಾನು ಹೇಳಬೇಕಾಗಿರುವುದು ಕೈಲಾಸನಾಥ ದೇವಸ್ಥಾನದ ಒಂದು ಕಂಬದ ಬಗ್ಗೆ.

ಅದಕ್ಕೆ ಮೊದಲು ಒಂದು ಮಾತು. ಆಟೋ ಹತ್ತುವಾಗಲೇ "ಸೀರೆ ಅಂಗಡಿ ಬೇಡ" ಎಂದು ಗಟ್ಟಿಯಾಗಿ ಹೇಳಿ. ಏಕಾಂಬರೇಶ್ವರ ಗುಡಿಗೆ ಎಂದರೆ ನಮ್ಮ ಆಟೋದವನು ನೇರ ಅಂಗಡಿ ಮುಂದೆ ನಿಲ್ಲಿಸಿದ. ಅಲ್ಲಿಂದ ಬಿಡಿಸಿಕೊಂಡು ಹೋಗುವಷ್ಟರಲ್ಲಿ ಗುಡಿ ಬಾಗಿಲು ಹಾಕಿತ್ತು. ಅಲ್ಲಿನ ದೊಡ್ಡ ಗುಡಿಗಳು ಮಧ್ಯಾಹ್ನ ಮುಚ್ಚಿದರೆ ತೆರೆಯುವುದು 4 ಗಂಟೆ ಹೊತ್ತಿಗೇ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೈಲಾಸನಾಥಕ್ಕೆ ಬೆಳಿಗ್ಗೆ ಬೇಗ ಹೋದೆವು. ಜನವೇ ಇಲ್ಲ. 8ನೇ ಶತಮಾನದ ಮೊದಲಲ್ಲಿ ಪಲ್ಲವ ದೊರೆ ರಾಜಸಿಂಹ ಕಟ್ಟಿಸಿದ ಮರಳುಗಲ್ಲಿನ ಗುಡಿ. ಪ್ರಾಕಾರದ ಉದ್ದಕ್ಕೂ ಪುಟ್ಟ ಪುಟ್ಟ ಗುಡಿಗಳು. ಕೆಲವದರ ಒಳಗೆ ಹಳೆಯ ಬಣ್ಣದ ಚಿತ್ರಗಳು ಅಲ್ಲಲ್ಲಿ ಉಳಿದಿವೆ.

ಅಲ್ಲಿದ್ದ ಕಾವಲಿನ ತಾತ ನಮ್ಮ ಮಾತು ಕೇಳಿ ಹತ್ತಿರ ಬಂದರು. ಹಿಂದೆ ಶಿವಾಜಿನಗರದಲ್ಲಿ ಕೆಲಸ ಮಾಡಿದ್ದರಂತೆ.

"ಬೆಂಗಳೂರಾ? ಬನ್ನಿಮ್ಮಾ, ನಿಮ್ಮ ಭಾಷೆ ತೋರಿಸ್ತೀನಿ."

ಮಂಟಪದ ಒಂದು ಕಂಬದ ಹಿಂಬದಿಗೆ ಕರೆದೊಯ್ದರು. ಕಲ್ಲಿನ ಮೇಲೆ ಸವೆದ ಅಕ್ಷರಗಳು.

"ಓದಿ ನೋಡೋಣ."

"ಓದಕ್ಕೆ ಬರಲ್ಲ ತಾತ, ತುಂಬಾ ಹಳೇ ಕನ್ನಡ ಇದು."

"ಗೋಡೆ ಮೇಲಿರೋ ಹಳೇ ಬರಹ ನನಗೂ ಬರಲ್ಲ," ಎಂದು ನಕ್ಕರು.

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಬರೆಸಿದ ಶಾಸನ ಅದು. 642ರಲ್ಲಿ ಪಲ್ಲವರು ಬಾದಾಮಿಯನ್ನು ಗೆದ್ದು ಹಾಳುಮಾಡಿದ್ದರು. ಸುಮಾರು ನೂರು ವರ್ಷದ ಮೇಲೆ ಇವನು ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳಬಹುದಿತ್ತು, ಅಲ್ವಾ? ಊರು ಕೆಡವಲಿಲ್ಲ. ಈ ಗುಡಿಯ ಸಂಪತ್ತು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಅದನ್ನೇ ಕನ್ನಡದಲ್ಲಿ ಕೆತ್ತಿಸಿದ.

ನನಗೆ ಇನ್ನೂ ದೊಡ್ಡದೆನಿಸಿದ್ದು ಬೇರೆ. ಅವನು ಹೋದ ಮೇಲೂ ಪಲ್ಲವರು ನೂರು ವರ್ಷಕ್ಕೂ ಜಾಸ್ತಿ ಕಂಚಿಯಲ್ಲಿ ಆಳಿದರು. ತಮ್ಮನ್ನು ಸೋಲಿಸಿದವನ ಬರಹ ತಮ್ಮದೇ ಗುಡಿಯಲ್ಲಿ. ಒಂದು ಉಳಿ ಸಾಕಿತ್ತು. ಯಾರೂ ಅಳಿಸಲಿಲ್ಲ. ಆ ಕಂಬ ಮುಟ್ಟಿದಾಗ ಕಣ್ಣು ತುಂಬಿ ಬಂತು.

ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಅಕ್ಕ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಳು. ತಾತ ಶಿಖರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು.

"ಇದು ನಮ್ಮ ಕೋವಿಲ್ ತರಾನೇ ಇದೆ! ಹೆಂಗೆ ಹೋಗೋದು?"

ಬೆಂಗಳೂರಿಂದ ಬಾದಾಮಿಗೆ ರೈಲು, ಅಲ್ಲಿಂದ ಸುಮಾರು 22 ಕಿಲೋಮೀಟರ್ ಬಸ್ಸು ಎಂದು ಅಕ್ಕ ವಿವರಿಸಿದಳು. ಮಗನಿಗೆ ತೋರಿಸಬೇಕು ಎಂದು ಅವರು ಅದನ್ನು ಚೀಟಿಯಲ್ಲಿ ಬರೆಸಿಕೊಂಡರು.