ಕಪ್ಪು ಬಣ್ಣದ ಕೆಳಗಿದ್ದ ಕೆಂಪು ಸೀಟು

ಹಳೇ ಕಾರು ಅಂದ ಕೂಡಲೇ ಬಂದವರೆಲ್ಲ ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತಾರೆ. ನಮ್ಮ ಮನೆಯಲ್ಲಿ ಆ ಭಾಗ ನಮ್ಮ ಯಜಮಾನರದು. ಉಳಿದದ್ದು ನನ್ನದು. ಸೀಟು, ಬಾಗಿಲ ಪ್ಯಾನೆಲ್, ಮರದ ಡ್ಯಾಶ್‌ಬೋರ್ಡ್, ಟಾಪ್ ಲೈನಿಂಗ್ (ಒಳಗಿನ ಚಾವಣಿಯ ಬಟ್ಟೆ), ಕಾರ್ಪೆಟ್, ಜೊತೆಗೆ ಹೊರಗೆ ಮಿಂಚುವ ಕ್ರೋಮ್ ಎಲ್ಲ. ಬಟ್ಟೆ ಹೊಲಿಯುವುದು ನನಗೆ ಮೊದಲಿಂದ ಗೊತ್ತಿತ್ತು. ಚರ್ಮ ಹೊಲಿಯುವುದನ್ನು ಈ ಕಾರಿಗಾಗಿಯೇ ಕಲಿತೆ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಒಮ್ಮೆ ಸೂಜಿ ಇಳಿಯಿತು ಅಂದರೆ ಆ ತೂತು ಅಲ್ಲೇ ಇರುತ್ತದೆ.

ಕಾರು 1962ರ ಜಾಗ್ವಾರ್ ಮಾರ್ಕ್ 2, 3.4 ಲೀಟರ್ ಎಂಜಿನ್ನಿನದು. ಇಂಗ್ಲೆಂಡಿನ ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ತಯಾರಾದದ್ದು. ಈ ಮಾದರಿ ಬಂದದ್ದು 1959ರಲ್ಲಿ. ಹಿಂದಿನ ಮಾದರಿಗಿಂತ ಇದರ ಕಿಟಕಿ ದೊಡ್ಡದು, ಗಾಜುಗಳ ನಡುವಿನ ಕಂಬ ತೆಳು. ಸ್ಪೀಡೋಮೀಟರ್ ನಡುವಿನಿಂದ ಚಾಲಕರ ಎದುರಿಗೆ ಬಂತು. ನಡುವಿನ ಕಪ್ಪು ಫಲಕದಲ್ಲಿ ಚಿಕ್ಕ ಮೀಟರುಗಳು, ಅವುಗಳ ಕೆಳಗೆ ಸಾಲಾಗಿ ಸ್ವಿಚ್ಚುಗಳು. ಮುಂದಿನ ಸೀಟುಗಳ ಬೆನ್ನಿನಲ್ಲಿ ಮಡಚಿಡುವ ಪುಟ್ಟ ಮರದ ಟೇಬಲ್ಲುಗಳಿವೆ. ನಾನು ಈ ಕಾರಿಗೆ ಸೋತದ್ದು ಆ ಟೇಬಲ್ಲು ನೋಡಿ. ಎಂಜಿನ್ ನೋಡಿ ಅಲ್ಲ.

ನಮ್ಮ ಕೈಗೆ ಬಂದಾಗ ಒಳಗೆಲ್ಲ ಕಪ್ಪು. ಕೂತು ಎದ್ದರೆ ಬಟ್ಟೆಗೂ ಕಪ್ಪು. ಕಾರ್ಖಾನೆಯ ಬಣ್ಣ ಹಾಗೆ ಬಟ್ಟೆಗೆ ಹತ್ತುವುದಿಲ್ಲ, ಇದು ಆಮೇಲೆ ಯಾರೋ ಬಳಿದದ್ದು. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್‌ನವರು ಕಾರ್ಖಾನೆಯ ಹಳೇ ದಾಖಲೆ ನೋಡಿ ಒಂದು ಪ್ರಮಾಣಪತ್ರ ಕೊಡುತ್ತಾರೆ. ಎಂಜಿನ್ ನಂಬರ್, ಬಾಡಿ ನಂಬರ್, ತಯಾರಾದ ದಿನ, ಹೊರಗಿನ ಬಣ್ಣ, ಒಳಗಿನ ಬಣ್ಣ ಎಲ್ಲ ಅದರಲ್ಲಿರುತ್ತದೆ. ನಮ್ಮದರಲ್ಲಿ ಇದ್ದದ್ದು: ಹೊರಗೆ ಓಲ್ಡ್ ಇಂಗ್ಲಿಷ್ ವೈಟ್, ಒಳಗೆ ಕೆಂಪು.

ಸರಿ, ಕೆಂಪು. ಆದರೆ ಯಾವ ಕೆಂಪು? ಕಾಗದದಲ್ಲಿ ಇರುವುದು ಹೆಸರು ಮಾತ್ರ. ಛಾಯೆಯನ್ನು ಕಾರಿನಲ್ಲೇ ಹುಡುಕಬೇಕು. ಸೀಟಿನ ಚರ್ಮವನ್ನು ಎಳೆದು ತಳದ ಚೌಕಟ್ಟಿಗೆ ಮಡಚಿ ಕ್ಲಿಪ್ ಹಾಕಿರುತ್ತಾರಲ್ಲ, ಆ ಮಡಿಕೆಯ ಒಳಗೆ ನೋಡಿ. ಅಲ್ಲಿಗೆ ಬಿಸಿಲು ಹೋಗಿರುವುದಿಲ್ಲ, ಯಾರ ಬ್ರಶ್ಶೂ ಹೋಗಿರುವುದಿಲ್ಲ. ಆ ಕೆಂಪು ನೋಡಿದ ಮೇಲೆ ಕಪ್ಪಿನ ಮೇಲೆ ನನಗೆ ದ್ವೇಷವೇ ಹುಟ್ಟಿತು. ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಸ್ವಲ್ಪ ಹಾಕಿಕೊಂಡು, ಅಂಗೈ ಅಗಲದ ಜಾಗವನ್ನಷ್ಟೇ ಒರೆಸಿ, ಹತ್ತಿ ಬದಲಿಸಿ, ಮತ್ತೆ ಒರೆಸಿ. ಅವಸರ ಮಾಡಿದರೆ ಕಪ್ಪಿನ ಜೊತೆ ಕೆಳಗಿನ ಕೆಂಪೂ ಹೋಗುತ್ತದೆ. ಹಿಂದಿನ ಸೀಟು ಅದ್ಭುತವಾಗಿ ಹೊರಬಂತು. ಸಣ್ಣ ಸಣ್ಣ ಗೆರೆಗಳಿವೆ, ಸ್ವಲ್ಪ ಮಂಕಾಗಿದೆ, ಆದರೆ ಚರ್ಮ ಇನ್ನೂ ಮೆತ್ತಗೆ ಬಾಗುತ್ತದೆ. ಚಾಲಕರ ಸೀಟಿನ ಕಥೆ ಬೇರೆ. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಕಡೆ ಚರ್ಮ ಸೀಳಿ ಒಳಗಿನ ಫೋಮ್ ಕಾಣುತ್ತಿತ್ತು.

ಈ ಹಂತದಲ್ಲಿ ಕುಷನ್ ಕೆಲಸದವರೊಬ್ಬರು ಬಂದು ನೋಡಿದರು. "ಅಮ್ಮಾ, ಇದೆಲ್ಲ ಕಿತ್ತು ಹಾಕಿ. ಪೂರ್ತಿ ಹೊಸ ಲೆದರ್ ಹಾಕಿಬಿಡೋಣ, ಬಾಗಿಲಿಗೂ ಲೆದರೇ ಹಾಕೋಣ, ರಾಯಲ್ಲಾಗಿ ಇರುತ್ತೆ" ಅಂದರು. ಒಳ್ಳೇ ಕೆಲಸಗಾರರು, ಅವರ ಕೈ ನನಗೆ ಗೊತ್ತು. ಆದರೆ ಜಾಗ್ವಾರ್ ಹಾಗೆ ಮಾಡಿರಲಿಲ್ಲ. ಮಾರ್ಕ್ 2ನಲ್ಲಿ ಮೈ ತಾಗುವ ಮುಖಗಳಿಗಷ್ಟೇ ಚರ್ಮ. ಸೀಟಿನ ಬೆನ್ನು, ಬಾಗಿಲ ಪ್ಯಾನೆಲ್ ಎಲ್ಲ ಅದೇ ಬಣ್ಣದ ವಿನೈಲ್, ನಾವು ರೆಕ್ಸಿನ್ ಅಂತೀವಲ್ಲ, ಅದು. 1966ರ ಕೊನೆಯ ಹೊತ್ತಿಗಂತೂ ಸೀಟಿಗೂ ಚರ್ಮ ಬಿಟ್ಟು ಆಂಬ್ಲಾ ಅನ್ನುವ ಚರ್ಮದ ಹಾಗೆ ಕಾಣುವ ವಿನೈಲನ್ನೇ ಹಾಕತೊಡಗಿದರು. ಹೀಗೆಲ್ಲ ಲೆಕ್ಕ ಹಾಕಿಯೇ ಜಾಗ್ವಾರ್ ತನ್ನ ಬೆಲೆ ಕಡಿಮೆ ಇಟ್ಟುಕೊಂಡಿದ್ದು. ಈಗ ಬಾಗಿಲಿಗೂ ಚರ್ಮ ಹೊದಿಸಿದರೆ ಕಾರು ಜಾಸ್ತಿ ಶ್ರೀಮಂತವಾಗಿ ಕಾಣಬಹುದು. ಆದರೆ ಅದು ಯಾವತ್ತೂ ಇಲ್ಲದ ಕಾರು. "ಬಾಗಿಲಿಗೆ ರೆಕ್ಸಿನ್ನೇ ಇರಲಿ" ಅಂದೆ. ಅವರು ನನ್ನನ್ನು ಜಿಪುಣಿ ಅಂದುಕೊಂಡಿರಬೇಕು.

ಬಾಗಿಲ ಪ್ಯಾನೆಲ್ಲಿನಲ್ಲಿ ನಿಜವಾಗಿ ಕೆಡುವುದು ರೆಕ್ಸಿನ್ ಅಲ್ಲ, ಅದರ ಹಿಂದಿನ ಹಾರ್ಡ್‌ಬೋರ್ಡ್. ಕಿಟಕಿಯಿಂದ ಇಳಿದ ನೀರು ಬಾಗಿಲ ಒಳಗೇ ಇಳಿದು ತಳದ ತೂತಿನಿಂದ ಹೊರಗೆ ಹೋಗಬೇಕು. ಆ ತೂತು ಕಟ್ಟಿಕೊಂಡರೆ, ಅಥವಾ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೋ ಹರಿದು ಬಿಸಾಕಿದ್ದರೆ, ಬೋರ್ಡು ನೀರು ಕುಡಿದು ಊದಿಕೊಳ್ಳುತ್ತದೆ. ನಮ್ಮದರಲ್ಲಿ ಎರಡೂ ಆಗಿತ್ತು. ಹಳೇ ಬೋರ್ಡನ್ನೇ ಅಚ್ಚಾಗಿಟ್ಟುಕೊಂಡು ಹೊಸದು ಕತ್ತರಿಸಿ, ಕ್ಲಿಪ್ಪಿನ ತೂತುಗಳನ್ನು ಗುರುತು ಮಾಡಿ, ಅಂಚಿಗೆಲ್ಲ ವಾರ್ನಿಶ್ ಕುಡಿಸಿ, ಮೇಲೆ ಅದೇ ಹಳೇ ಕೆಂಪು ರೆಕ್ಸಿನ್ ಅಂಟಿಸಿದೆ. ಕಪ್ಪು ತೆಗೆದು, ತೊಳೆದು ಒರೆಸಿದ್ದು ಬಿಟ್ಟರೆ ರೆಕ್ಸಿನ್‌ಗೆ ಬೇರೆ ಏನೂ ಮಾಡಿಲ್ಲ.

ಸೀಟಿನ ಫೋಮ್ ಬಗ್ಗೆ ಒಂದು ಮಾತು. ಆ ಕಾಲದ್ದು ರಬ್ಬರಿನ ಲೇಟೆಕ್ಸ್ ಫೋಮ್. ವಯಸ್ಸಾದ ಮೇಲೆ ಅದು ಒತ್ತಿದರೆ ಪುಡಿಯಾಗುತ್ತದೆ. ಕೆಂಪು ಚರ್ಮ ಬಿಚ್ಚಿದಾಗ ನೆಲದ ಮೇಲೆಲ್ಲ ಹಳದಿ ಪುಡಿ. ಅದನ್ನು ಉಳಿಸುವ ದಾರಿಯಿಲ್ಲ, ಹೊಸದು ಬೇಕೇ ಬೇಕು. ಆದರೆ ಗಟ್ಟಿ ಫೋಮ್ ತುಂಬಿದರೆ ಸೀಟು ಉಬ್ಬಿ, ಉದ್ದುದ್ದದ ಮಡಿಕೆ ಪಟ್ಟಿಗಳು ಬಿಗಿದು, ಸೋಫಾದ ಥರ ಕಾಣುತ್ತದೆ. ಹೊಸದಾಗಿ ರಿಪೇರಿಯಾದ ಎಷ್ಟೋ ಕಾರುಗಳ ಸೀಟನ್ನು ದೂರದಿಂದಲೇ ಗುರುತಿಸಬಹುದು. ಕಾರ್ಖಾನೆಯ ಸೀಟು ಸ್ವಲ್ಪ ಚಪ್ಪಟೆ, ಸ್ವಲ್ಪ ಸಡಿಲ. ಹಳೇ ಫೋಟೋಗಳಲ್ಲಿ ನೋಡಿ.

ಚಾಲಕರ ಸೀಟಿನಲ್ಲಿ ಹರಿದ ತುಂಡುಗಳನ್ನು ಮಾತ್ರ ಬಿಚ್ಚಿ ಹೊಸ ಚರ್ಮ ಸೇರಿಸಿದೆ. ಇದರಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಹಳೇ ಚರ್ಮಕ್ಕೆ ಹೊಸದನ್ನು ಕೂಡಿಸುವುದು. ಹಳೇ ಅಂಚಿನಲ್ಲಿ ಸಾಲಾಗಿ ತೂತುಗಳಿವೆ. ಅವುಗಳ ಪಕ್ಕದಲ್ಲಿ ಹೊಸ ಸಾಲು ಹೊಡೆದರೆ ಸ್ಟಾಂಪು ಹಾಳೆಯ ಹಾಗೆ ಹರಿದು ಬರುತ್ತದೆ. ಅದಕ್ಕೆ ಸೂಜಿ ಹಳೇ ತೂತಿನಲ್ಲೇ ಇಳಿಯಬೇಕು. ಮೋಟಾರ್ ಆಫ್ ಮಾಡಿ, ಮಷಿನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಒಂದೊಂದೇ ಹೊಲಿಗೆ. ಸೂಜಿಯ ತುದಿ ಕತ್ತಿಯಂತೆ ಚೂಪಾಗಿರಬಾರದು, ದುಂಡಗಿರಬೇಕು. ಇಲ್ಲದಿದ್ದರೆ ಹಳೇ ತೂತನ್ನೇ ಅಗಲ ಮಾಡುತ್ತದೆ. ದಾರ ಮಾತ್ರ ನಾನು ಪಾಲಿಯೆಸ್ಟರಿನದೇ ಹಾಕಿದೆ. ಹತ್ತಿ ದಾರ ಹಾಕಿ ಮತ್ತೆ ಕೊಳೆಯಲಿ ಅಂತ ಕಾಯುವಷ್ಟು ಶುದ್ಧವಾದಿ ನಾನಲ್ಲ.

ಆಮೇಲೆ ಬಣ್ಣದ ಪ್ರಶ್ನೆ. ಹೊಸ ತುಂಡಿಗೆ ಯಾವ ಕೆಂಪು ಹಾಕಬೇಕು? ಮಡಿಕೆಯೊಳಗೆ ಸಿಕ್ಕಿದ ಗಾಢ ಕೆಂಪೇ, ಅಥವಾ ಹಿಂದಿನ ಸೀಟಿನ ಮಂಕು ಕೆಂಪೇ? ನಿಯಮದ ಪ್ರಕಾರ ಮೊದಲನೆಯದು. ಕಾರ್ಖಾನೆಯಿಂದ ಬಂದದ್ದು ಅದೇ ತಾನೇ? ಯಜಮಾನರೂ ಅದನ್ನೇ ಹೇಳಿದರು. "ರೀ, ಹಾಗಾದ್ರೆ ಹಿಂದಿನ ಸೀಟಿಗೂ ಬಣ್ಣ ಬಳೀಬೇಕಾಗುತ್ತೆ, ಒಪ್ತೀರಾ?" ಅಂದೆ. ಸುಮ್ಮನಾದರು. ಕಾರ್ಖಾನೆಯವರು ಹಾಕಿದ ಬಣ್ಣ ಇನ್ನೂ ಉಳಿದಿರುವ ಸೀಟು ಅದೊಂದೇ. ಅದರ ಮೇಲೆ ಕಾರ್ಖಾನೆಯ ಬಣ್ಣದ ನಕಲು ಬಳಿಯುವುದು ಯಾವ ನ್ಯಾಯ? ಮುಂದಿನ ತುಂಡುಗಳನ್ನು ಹಿಂದಿನ ಸೀಟಿಗೆ ಹೊಂದಿಸಿದೆ. ನೀರಿನಲ್ಲಿ ಕರಗುವ ಬಣ್ಣ, ಸ್ಪಂಜಿನಲ್ಲಿ ತೆಳುವಾಗಿ, ಒಣಗಿಸಿ ಮತ್ತೆ ತೆಳುವಾಗಿ. ಕೊನೆಗೆ ಸ್ವಲ್ಪವೇ ಹೊಳಪು.

ಈ ಥರದ ಕಾರುಗಳ ಚರ್ಮ ಅಂದರೆ ಕಾನಲಿ ಅನ್ನುವ ಹೆಸರು ಬಂದೇ ಬರುತ್ತದೆ. 1878ರಲ್ಲಿ ಲಂಡನ್ನಿನಲ್ಲಿ ಇಬ್ಬರು ಸಹೋದರರು ಶುರು ಮಾಡಿದ್ದು. ರೋಲ್ಸ್ ರಾಯ್ಸ್, ಜಾಗ್ವಾರ್ ಎಲ್ಲ ಅವರ ಗಿರಾಕಿಗಳು. 2002ರಲ್ಲಿ ಅವರ ಚರ್ಮದ ಕಾರ್ಖಾನೆ ಮುಚ್ಚಿತು. ಹಾಗಾಗಿ "ಅದೇ ಚರ್ಮ" ಹಾಕುತ್ತೇವೆ ಅಂತ ಹೇಳುವುದೆಲ್ಲ ಸುಮ್ನೆ. ಹಳೇ ಚರ್ಮ ಉಳಿಸಿಕೊಳ್ಳಲು ಇನ್ನೊಂದು ಕಾರಣ ಇದು. ಹಾಂ, ಡಬ್ಬದ ಲೆದರ್ ಕ್ರೀಮ್ ಬಗ್ಗೆಯೂ ಹೇಳಿಬಿಡುತ್ತೇನೆ. ಮೇಲೆ ಬಣ್ಣದ ಪದರ ಇರುವ ಚರ್ಮಕ್ಕೆ ಕ್ರೀಮ್ ಹಚ್ಚಿದರೆ ಅದರಲ್ಲಿ ಬಹುಪಾಲು ಮೇಲೇ ಉಳಿದು ಧೂಳು ಹಿಡಿಯುತ್ತದೆ. ಕ್ರೀಮಿಗಿಂತ ಮೊದಲು ಕೊಳೆ ತೆಗೆಯಿರಿ.

ಮರದ ಕೆಲಸಕ್ಕೆ ಬಂದಾಗ ನನ್ನ ತಾಳ್ಮೆಗೆ ನಿಜವಾದ ಪರೀಕ್ಷೆ. ಮೇಲೆ ಅಂಟಿಸಿರುವ ವಾಲ್‌ನಟ್ ಮರದ ತೆಳು ಹಾಳೆಗೆ ವೆನೀರ್ ಅನ್ನುತ್ತಾರೆ. ಅದರ ಮೇಲಿನ ಲ್ಯಾಕರ್, ಅಂದರೆ ಹೊಳಪಿನ ಲೇಪ, ಬಿಸಿಲಿಗೆ ಹಳದಿಯಾಗಿ, ಎಲ್ಲೆಲ್ಲೂ ಬಿರುಕು ಬಿಟ್ಟಿತ್ತು. ವೆನೀರ್ ಒಂದು ಮಿಲಿಮೀಟರ್‌ಗಿಂತ ತೆಳು. ಉಪ್ಪು ಕಾಗದ ಹಿಡಿದು ಉಜ್ಜಲು ಹೊರಟರೆ ಬಿರುಕು ಹೋಗುವಷ್ಟರಲ್ಲಿ ಅಂಚಿನಲ್ಲಿ ಕೆಳಗಿನ ಮರ ಕಾಣಿಸುತ್ತದೆ. ಲ್ಯಾಕರನ್ನು ಪೇಂಟ್ ರಿಮೂವರ್ ಹಚ್ಚಿ ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಬೇಕು. ಕಬ್ಬಿಣದ ಸ್ಕ್ರೂ ಸುತ್ತ ನೀರು ತಾಗಿ ಕಪ್ಪು ಕಲೆಯಾಗಿದ್ದರೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಹಚ್ಚಿದರೆ ತಿಳಿಯಾಗುತ್ತದೆ. ಅದು ವಿಷ. ಕೈಗವಸು ಹಾಕಿಕೊಳ್ಳಿ, ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ.

ಒಂದೊಂದು ತುಂಡಿನ ಹಿಂದೆಯೂ ಒಂದೇ ನಂಬರ್ ಬರೆದಿತ್ತು. ಅಂದರೆ ಇವೆಲ್ಲ ಜೊತೆಯಾಗಿ ತಯಾರಾಗಿ, ಜೊತೆಯಾಗಿ ಈ ಕಾರಿಗೆ ಬಂದವು. ಇದನ್ನು ನೋಡಿದ ಮೇಲೆ ಬೇರೆ ಕಾರಿನ ಬಾಗಿಲ ಪಟ್ಟಿ ತಂದು ಹಾಕುವ ಯೋಚನೆ ಬಿಟ್ಟೆ. ವೆನೀರ್ ಕಿತ್ತುಹೋಗಿದ್ದ ಜಾಗಕ್ಕೆ ತೇಪೆಯನ್ನು ಚೌಕವಾಗಿ ಕತ್ತರಿಸಲಿಲ್ಲ. ಮರದ ಗೆರೆಯ ಜೊತೆಗೇ ಓಡುವ ಹಾಗೆ, ಎರಡೂ ತುದಿ ಚೂಪಾಗಿ ಕತ್ತರಿಸಿದೆ. ಚೌಕದ ಅಡ್ಡ ಗೆರೆ ಕಣ್ಣಿಗೆ ಹೊಡೆಯುತ್ತದೆ, ಇದು ಹೊಡೆಯುವುದಿಲ್ಲ. ಮೇಲಿನ ಹೊಳಪು ಎಷ್ಟಿರಬೇಕು ಅನ್ನುವುದರಲ್ಲಿ ಜನ ಎಡವುತ್ತಾರೆ. ಈಗಿನ ದಪ್ಪ ಪಾಲಿಯೆಸ್ಟರ್ ಲ್ಯಾಕರ್ ಹೊದಿಸಿದರೆ ಗಾಜಿನ ಒಳಗೆ ಮರದ ಫೋಟೋ ಇಟ್ಟ ಹಾಗಾಗುತ್ತದೆ. ನನಗೆ ಹಿಡಿಸುವುದಿಲ್ಲ.

ಟಾಪ್ ಲೈನಿಂಗ್ ಉಣ್ಣೆ ಬಟ್ಟೆಯದು. ನುಸಿ ತಿಂದಿತ್ತು, ಹೊಸ ಉಣ್ಣೆ ಬಟ್ಟೆ ಹಾಕಿದೆ. ಅದರಲ್ಲಿ ಹೇಳಲು ಇನ್ನೇನೂ ಇಲ್ಲ.

ಕ್ರೋಮ್ ವಿಷಯದಲ್ಲಿ ಮೊದಲು ತಿಳಿಯಬೇಕಾದ್ದು ಕೆಳಗಿನ ಲೋಹ ಯಾವುದು ಅನ್ನುವುದು. ನಾವು ನೋಡುವ ಹೊಳಪು ಬಹುಮಟ್ಟಿಗೆ ನಿಕ್ಕಲ್ಲಿನದು. ಅದರ ಮೇಲಿನ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತ ತೆಳು. ಬಂಪರ್ ಉಕ್ಕಿನದು, ತುಕ್ಕು ತೆಗೆದು ಮತ್ತೆ ಲೇಪ ಕೊಡಿಸಬಹುದು. ಮಾರ್ಕ್ 2ನ ಕಿಟಕಿ ಚೌಕಟ್ಟುಗಳು ಹಿತ್ತಾಳೆಯವು, ಅವು ಇನ್ನೂ ಸುಲಭ. ಬಾಗಿಲ ಹಿಡಿಕೆ, ಹಿಂದಿನ ದೀಪದ ಪೀಠ, ನಂಬರ್ ಪ್ಲೇಟ್ ದೀಪದ ಕವಚ ಇವೆಲ್ಲ ಮಜಾಕ್, ಅಂದರೆ ಸತುವಿನ ಮಿಶ್ರಲೋಹದ ಎರಕ. ಅದರಲ್ಲಿ ಕ್ರೋಮಿನ ಕೆಳಗೆ ಗುಳ್ಳೆ ಏಳುತ್ತದೆ. ಒಂದೊಂದು ಗುಳ್ಳೆಯನ್ನೂ ಕೊರೆದು, ತಾಮ್ರ ಕೂರಿಸಿ, ತುಂಬಿ, ತೀಡಿ, ಆಮೇಲೆ ನಿಕ್ಕಲ್, ಆಮೇಲೆ ಕ್ರೋಮ್. ಉಕ್ಕಿಗೆ ಬಳಸುವ ಆಮ್ಲದಲ್ಲಿ ಇದನ್ನು ಅದ್ದಿದರೆ ಸತುವನ್ನೇ ತಿಂದುಬಿಡುತ್ತದೆ. ನಮ್ಮ ನಂಬರ್ ಪ್ಲೇಟ್ ದೀಪದ ಕವಚಕ್ಕೆ ಆದದ್ದು ಇದೇ. ಇದು ಮಜಾಕ್ ಅಂತ ಚೀಟಿ ಅಂಟಿಸಿಯೇ ಲೇಪದ ಅಂಗಡಿಗೆ ಕೊಟ್ಟಿದ್ದೆ. ಬಂಪರಿನ ಜೊತೆ ಒಂದೇ ತೊಟ್ಟಿಗೆ ಹಾಕಿದರಂತೆ. ಅಂಚೆಲ್ಲ ಕರಗಿ ವಾಪಸ್ ಬಂತು. ಕ್ಷಮೆ ಕೇಳಿದರು, ಹಣ ಬಿಟ್ಟರು, ಕವಚವಂತೂ ಹೋಯಿತು.

ಕಾರ್ಪೆಟ್ ಕೊನೆಗೆ. ಅದಕ್ಕಿಂತ ಮೊದಲು ಬಾಗಿಲ ರಬ್ಬರುಗಳು, ಮುಂದಿನ ಗಾಜಿನ ಬೀಡಿಂಗ್, ಬಾಗಿಲ ಅಂಚಿಗೆ ಬರುವ ಬಟ್ಟೆ ಸುತ್ತಿದ ಫರ್‌ಫ್ಲೆಕ್ಸ್. ಎಲ್ಲ ಹಾಕಿ, ಪೈಪಿನಲ್ಲಿ ನೀರು ಹೊಡೆದು, ಒಳಗೆ ಕೂತು ನೋಡಬೇಕು. ಒಂದು ಹನಿ ಬಂದರೂ ಕಾರ್ಪೆಟ್ ಹಾಕುವ ಹಾಗಿಲ್ಲ. ಕಾರ್ಪೆಟ್ ಅಡಿಗೆ ಹಾಸುವ ಫೆಲ್ಟ್ ಒದ್ದೆಯಾದರೆ ಅದರ ಕೆಳಗೆ ನೆಲದ ತಗಡು ತುಕ್ಕು ಹಿಡಿಯುವುದು ಯಾರಿಗೂ ಕಾಣುವುದಿಲ್ಲ. ನೀರು ಹೊಡೆಯುವ ಕೆಲಸ ಯಜಮಾನರು ಖುಷಿಯಿಂದ ಮಾಡಿದರು, ನಾನು ಒಳಗಿದ್ದೆ ಅಂತ ಇರಬೇಕು.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಚಾರ್ಟರ್ ಅಂತ ಒಂದು ದಾಖಲೆ ಇದೆ. ಹಳೇ ಕಟ್ಟಡಗಳಿಗೆ 1964ರಲ್ಲಿ ಬರೆದ ವೆನಿಸ್ ಚಾರ್ಟರಿನ ದಾರಿಯಲ್ಲೇ ಬರೆದದ್ದು. ಇರುವುದನ್ನು ಆದಷ್ಟು ಉಳಿಸಿ, ಬದಲಿಸಿದ್ದನ್ನು ದಾಖಲಿಸಿ ಅನ್ನುವುದು ಅದರ ಧೋರಣೆ. ಹಾಗಾಗಿ ನಾನು ತೆಗೆದದ್ದನ್ನೆಲ್ಲ ಇಟ್ಟುಕೊಂಡಿದ್ದೇನೆ. ಸೀಳಿದ ಕೆಂಪು ಚರ್ಮ, ಊದಿದ ಬೋರ್ಡು, ನುಸಿ ತಿಂದ ಲೈನಿಂಗಿನ ಒಂದು ತುಂಡು, ಕರಗಿದ ಕವಚ. ಪ್ರತಿಯೊಂದಕ್ಕೂ ಎಲ್ಲಿಂದ ತೆಗೆದದ್ದು, ಬದಲಿಗೆ ಏನು ಹಾಕಿದೆ ಅಂತ ಚೀಟಿ. ಮಂಚದ ಕೆಳಗೆ ಜಾಗ ಇಲ್ಲ ಅಂತ ಮನೆಯಲ್ಲಿ ಜಗಳ ನಡೆಯುತ್ತಿದೆ. ಕವಚದ ಜಾಗಕ್ಕೆ ಈಗ ತಯಾರಾಗುವ ನಕಲನ್ನು ಹಾಕಿದ್ದೇನೆ. ಅದರ ಅಂಚು ಹಳೆಯದರಷ್ಟು ಚೂಪಿಲ್ಲ. ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಯಜಮಾನರು ಹೇಳುತ್ತಾರೆ. ಹಳೇ ಕವಚ ಎಲ್ಲಾದರೂ ಸಿಕ್ಕಿದರೆ ಬದಲಿಸುತ್ತೇನೆ, ಹುಡುಕುತ್ತಿದ್ದೇನೆ.