ಯಾವ ಪದ ಎಣಿಸ್ತಾರೆ?

ಹೊಸದಾಗಿ ಅನುವಾದಕ್ಕೆ ಇಳಿದಿರೋ ಹುಡುಗಿಯೊಬ್ಬಳು ಬೆಳಿಗ್ಗೆ ಕೇಳಿದ್ಲು: "ಪದಕ್ಕೆ ಒಂದೂವರೆ ರೂಪಾಯಿ ಅಂದಿದಾರೆ ಸರ್, ಒಪ್ಕೊಳ್ಲಾ?"

ರೇಟು ಆಮೇಲೆ. ಯಾವ ಪದ? ಇಂಗ್ಲಿಷಿಂದೋ, ಕನ್ನಡದ್ದೋ?

"ಐ ವಿಲ್ ನಾಟ್ ಬಿ ಏಬಲ್ ಟು ಕಮ್." ಏಳು ಪದ.
"ಬರಲಾಗುವುದಿಲ್ಲ." ಒಂದೇ.

ವಿಭಕ್ತಿ, ಕಾಲ, ನಿಷೇಧ ಎಲ್ಲ ನಮ್ಮಲ್ಲಿ ಪದದ ಬಾಲಕ್ಕೇ ಅಂಟ್ಕೊಳ್ಳುತ್ತಲ್ಲ. 1000 ಪದದ ಇಂಗ್ಲಿಷ್ ಲೇಖನ ಕನ್ನಡಕ್ಕೆ ಬರೋವಾಗ 700ರ ಆಸುಪಾಸಿಗೆ ಇಳಿಯೋದು ಮಾಮೂಲು. ಮೂಲ ಎಣಿಸಿದ್ರೆ 1500 ರೂಪಾಯಿ, ಕನ್ನಡ ಎಣಿಸಿದ್ರೆ 1050.
ಬಿಗಿಯಾಗಿ ಬರೆದಷ್ಟೂ ಕಾಸು ಕಮ್ಮಿ. ಎಂಥಾ ಲೆಕ್ಕ ನೋಡಿ!

ಅದಕ್ಕೇ ಮೊದಲ ಸಾಲು ಅನುವಾದಿಸೋ ಮುಂಚೆ ಒಂದು ಮೇಲ್: ಎಣಿಕೆ ಮೂಲದ್ದು, ತಿದ್ದುಪಡಿ ಎರಡೇ ಸುತ್ತು, ಬಿಲ್ ಕೊಟ್ಟ 30 ದಿನದೊಳಗೆ ದುಡ್ಡು. ಫೋನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ.

ಟೈಪ್ ಮಾಡಿ ಕೊಡಬೇಕಾದ್ದು ಎಲ್ಲ ಕಡೆ ಓದೋಕಾಗೋ ಯೂನಿಕೋಡಲ್ಲೋ, 'ನುಡಿ' ತಂತ್ರಾಂಶದ ಹಳೇ ಫಾಂಟಲ್ಲೋ ಅಂತಲೂ ಕೇಳ್ಕೋಬೇಕು. ಹಳೇ ಫಾಂಟಲ್ಲಿ ಕುಟ್ಟಿದ್ದನ್ನ ವೆಬ್‌ಸೈಟಿಗೆ ಅಂಟಿಸಿದ್ರೆ ಚಿತ್ರಾನ್ನ. ಕನ್ವರ್ಟ್ ಮಾಡಿದ್ರೂ ಒತ್ತಕ್ಷರ ಅಲ್ಲಲ್ಲಿ ಎಡವುತ್ತೆ. ಮತ್ತೆ ಪ್ರೂಫ್ ನೋಡೋ ಕೂಲಿ ಯಾರು ಕೊಡ್ತಾರೆ?

ಬಿಲ್ಲಲ್ಲಿ ಪ್ಯಾನ್ ನಂಬರ್ ಇರಲೇಬೇಕು. ವೃತ್ತಿ ಶುಲ್ಕದ ಮೇಲೆ ಟಿಡಿಎಸ್ (ದುಡ್ಡು ಕೊಡೋವಾಗಲೇ ಮುರ್ಕೊಳ್ಳೋ ತೆರಿಗೆ) ಹಿಡಿಯೋದಾದ್ರೆ ಸಾಮಾನ್ಯವಾಗಿ 10%, ಪ್ಯಾನ್ ಕೊಡದಿದ್ರೆ 20%.

ಈಗ ಆ ಹುಡುಗಿಯ ಮೆಸೇಜ್ ಬಂತು. ಕನ್ನಡ ಪದಾನೇ ಎಣಿಸ್ತಾರಂತೆ.
ಹಾಗಾದ್ರೆ ಎರಡೂಕಾಲು ಕೇಳಮ್ಮ ಅಂದೆ.